ವಿಡಿಯೋ ಇರುವ ಪುಟದಲ್ಲಿ ಫೈರ್‌ಫಾಕ್ಸ್ ಹ್ಯಾಂಗ್: ಸರಿಹೋದ ಬಗೆ

ವಿಂಡೋಸ್ 10, 8 ಜಿಬಿ ರ‍್ಯಾಮ್, ಹಳೇ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್). ವಿಡಿಯೋ ಇರುವ ಪುಟವನ್ನು ಸ್ಕ್ರೋಲ್ ಮಾಡಿದರೆ ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಬರುತ್ತಿತ್ತು. ಆಡಿಯೋ ಮಾತ್ರ ಓಡುತ್ತಲೇ ಇರುತ್ತಿತ್ತು.

ಕ್ಯಾಶೆ ಅಳಿಸಿದ್ದು, ಹೊಸ ಪ್ರೊಫೈಲ್ ಮಾಡಿದ್ದು, ಬ್ರೌಸರ್ ತೆಗೆದು ಮತ್ತೆ ಹಾಕಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ರ‍್ಯಾಮ್ ಅರ್ಧವೂ ತುಂಬಿರಲಿಲ್ಲ.

ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್‌ನಲ್ಲಿ ಮಾತ್ರ ಸರಾಗ. ಹಾಗಾದರೆ ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳದ್ದೇ ಕಾಟ ಅಂತ ಅನಿಸುವುದು ಸಹಜ, ಆದರೆ ಎಲ್ಲವನ್ನೂ ಕಿತ್ತರೂ ಹ್ಯಾಂಗ್ ನಿಲ್ಲಲಿಲ್ಲ. ಆ ಮೋಡ್ ಎಕ್ಸ್‌ಟೆನ್ಷನ್ ಜೊತೆಗೆ ಹಾರ್ಡ್‌ವೇರ್ ಆಕ್ಸಲರೇಷನ್ನನ್ನೂ (ವಿಡಿಯೋ, ಚಿತ್ರ ತೋರಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಆಫ್ ಮಾಡುತ್ತದೆ. ಗುಟ್ಟು ಅಲ್ಲಿತ್ತು.

ಸೆಟ್ಟಿಂಗ್ಸ್ → ಜನರಲ್ → ಪರ್ಫಾರ್ಮೆನ್ಸ್‌ಗೆ ಹೋಗಿ. ಮೊದಲು 'ಯೂಸ್ ರೆಕಮೆಂಡೆಡ್ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್' ಟಿಕ್ ತೆಗೆಯಿರಿ; ಆಮೇಲೇ ಕೆಳಗೆ 'ಯೂಸ್ ಹಾರ್ಡ್‌ವೇರ್ ಆಕ್ಸಲರೇಷನ್ ವೆನ್ ಅವೈಲಬಲ್' ಕಾಣುವುದು. ಅದರ ಟಿಕ್ಕೂ ತೆಗೆದು, ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ. ಅಡ್ರೆಸ್ ಬಾರ್‌ನಲ್ಲಿ 'ಅಬೌಟ್:ಸಪೋರ್ಟ್' (ಇಂಗ್ಲಿಷ್ ಅಕ್ಷರಗಳಲ್ಲಿ) ಹೊಡೆದು ನೋಡಿ: ಗ್ರಾಫಿಕ್ಸ್ ಭಾಗದಲ್ಲಿ ಕಂಪಾಸಿಟಿಂಗ್ ಎದುರು 'ವೆಬ್‌ರೆಂಡರ್ (ಸಾಫ್ಟ್‌ವೇರ್)' ಇದ್ದರೆ ಸೆಟ್ಟಿಂಗ್ ಹಿಡಿದಿದೆ.

ಹೀಗೇ ಬಿಟ್ಟರೆ ವಿಡಿಯೋ ಭಾರವೆಲ್ಲ ಸಿಪಿಯು ಮೇಲೆ, ಫ್ಯಾನ್ ಕಿರುಚುತ್ತದೆ. ಅದಕ್ಕೇ ಕಂಪ್ಯೂಟರ್ ತಯಾರಕರ ಸೈಟ್‌ನಿಂದ ನಿಮ್ಮ ಮಾಡೆಲ್‌ನ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ, ಎರಡೂ ಟಿಕ್ ವಾಪಸ್ ಹಾಕಿ.