ಮೂರು ತಿಂಗಳು ಬಿಟ್ಟ ಗೇಮ್‌ಗೆ ಮರಳಿ ಬರುವುದು ಹೇಗೆ, ಎಕ್ಸ್‌ಪ್ಯಾನ್ಷನ್ ಯಾವಾಗ ಕೊಳ್ಳಬೇಕು

ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮಾರ್ಚ್ ಬಂತೆಂದರೆ ಲಗ್ನಪತ್ರಿಕೆ ಸೀಜನ್. ಮೇ ಮುಗಿಯುವ ತನಕ ತಲೆ ಎತ್ತಲು ಆಗುವುದಿಲ್ಲ. ಆಮೇಲೆ ಸ್ವಲ್ಪ ಬಿಡುವು. ಮತ್ತೆ ನವೆಂಬರ್‌ನಲ್ಲಿ ಕ್ಯಾಲೆಂಡರ್ ಕೆಲಸ ಶುರು. ಹೀಗಾಗಿ ನನ್ನ ಗೇಮಿಂಗ್ ಯಾವಾಗಲೂ ತುಂಡು ತುಂಡಾಗಿಯೇ ನಡೆಯುತ್ತದೆ. ಒಂದು ದೊಡ್ಡ ಗೇಮ್ ಅರ್ಧ ಆಡಿ ಬಿಡುತ್ತೇನೆ. ಮರಳಿ ಬರುವಷ್ಟರಲ್ಲಿ ಅದಕ್ಕೊಂದು ಎಕ್ಸ್‌ಪ್ಯಾನ್ಷನ್, ಅಂದರೆ ಮೂಲ ಗೇಮ್‌ಗೆ ಸೇರುವ ಹೊಸ ಭಾಗ, ಬಂದಿರುತ್ತದೆ.

ಹೀಗೆ ಬಿಟ್ಟು ಆಡುವವರು ನನ್ನ ಹಾಗೆ ಬಹಳ ಜನ ಇದ್ದಾರೆ ಅಲ್ವಾ? ಪರೀಕ್ಷೆ, ಸುಗ್ಗಿ, ಶಿಫ್ಟು, ಮನೆಯಲ್ಲಿ ಸಣ್ಣ ಮಗು, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇತ್ತೀಚೆಗೆ ನಾನು ಆಡಿದ ನಾಲ್ಕೈದು ಗೇಮ್‌ಗಳಿಂದ ಕಲಿತದ್ದು ಇಷ್ಟೂ ಇಲ್ಲಿದೆ.

ಮೊದಲು ದುಡ್ಡಿನ ಮಾತು

ಸೇಲ್ ಇದೆ ಅಂತ ಎಕ್ಸ್‌ಪ್ಯಾನ್ಷನ್ ಕೊಳ್ಳಬೇಡಿ. ಅದರ ಬಾಗಿಲ ತನಕ ನೀವು ತಲುಪಿದ್ದೀರಾ ನೋಡಿಕೊಂಡು ಕೊಳ್ಳಿ. ಎಲ್ಡನ್ ರಿಂಗ್‌ನ 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' 2024ರ ಜೂನ್‌ನಲ್ಲಿ ಬಂತು. ನಾನು ಖುಷಿಯಲ್ಲಿ ಕೊಂಡುಬಿಟ್ಟೆ. ರಾತ್ರಿಯಿಡೀ ಡೌನ್‌ಲೋಡ್‌ಗೆ ಇಟ್ಟು ಮಲಗಿದೆ. ಬೆಳಗ್ಗೆ ಸೇವ್ (ಅಲ್ಲಿಯ ತನಕ ಆಡಿ ಉಳಿಸಿಟ್ಟ ಆಟ) ತೆರೆದರೆ ಒಳಗೆ ಹೋಗಲು ದಾರಿಯೇ ಇಲ್ಲ. ಅದಕ್ಕೆ ಮೂಲ ಗೇಮ್‌ನಲ್ಲಿ ಇಬ್ಬರು ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು ಸೋಲಿಸಿರಬೇಕು, ಸ್ಟಾರ್‌ಸ್ಕರ್ಜ್ ರಡಾನ್ ಮತ್ತು ಮೋಗ್. ರಡಾನ್ ಕಥೆ ನನ್ನಲ್ಲಿ ಮುಗಿದಿತ್ತು. ಮೋಗ್ ಇರುವ ಜಾಗಕ್ಕೆ ನಾನು ಕಾಲೇ ಇಟ್ಟಿರಲಿಲ್ಲ. ಅಲ್ಲಿಗೆ ಹೋಗಿ ಅವನನ್ನು ಕೆಡವಲು ನನಗೆ ಮೂರು ವಾರ ಹಿಡಿಯಿತು.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಳ್ಳುವವರು ಒಂದು ನಿಯಮ ನೆನಪಿಡಿ. ಕೊಂಡು 14 ದಿನದ ಒಳಗೆ ಕೇಳಿದರೆ ದುಡ್ಡು ವಾಪಸ್ ಬರುತ್ತದೆ, ಆದರೆ ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು. ಎಕ್ಸ್‌ಪ್ಯಾನ್ಷನ್‌ಗೆ ಈ ಎರಡು ಗಂಟೆಯನ್ನು ಅದನ್ನು ಕೊಂಡ ಮೇಲೆ ಮೂಲ ಗೇಮ್ ಆಡಿದ ಹೊತ್ತಿನಿಂದ ಎಣಿಸುತ್ತಾರೆ. ಅಂದರೆ ಕೊಂಡುಬಿಟ್ಟು, "ಮೊದಲು ಹಳೆಯದನ್ನು ಮುಗಿಸೋಣ" ಅಂತ ಕೂತರೆ ಎರಡೇ ಗಂಟೆಯಲ್ಲಿ ಆ ಅವಕಾಶ ಹೋಗುತ್ತದೆ. ಹಳೆಯದನ್ನು ಮುಗಿಸಿಯೇ ಕೊಳ್ಳಿ. ಸೇಲ್ ಮತ್ತೆ ಬರುತ್ತದೆ. ಜೂನ್ ಕೊನೆಗೆ ಒಂದು, ಡಿಸೆಂಬರ್ ಕೊನೆಗೆ ಒಂದು, ವರ್ಷ ತಪ್ಪುವುದಿಲ್ಲ.

ಡೌನ್‌ಲೋಡ್‌ಗೆ ಮುಂಚೆ ಸೇವ್ ಫೈಲ್ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಎಲ್ಡನ್ ರಿಂಗ್‌ನದು ವಿಂಡೋಸ್‌ನ ಆಪ್‌ಡೇಟಾ ಫೋಲ್ಡರ್‌ನಲ್ಲಿ, ರೋಮಿಂಗ್ ಒಳಗೆ ಇರುತ್ತದೆ. ನಮ್ಮ ಓಣಿಯಲ್ಲಿ ಮಳೆ ಹನಿ ಬಿದ್ದರೆ ಕರೆಂಟ್ ಹೋಗುತ್ತದೆ. ನೂರು ಗಂಟೆಯ ಆಟವನ್ನು ಕರೆಂಟಿನ ಮೇಲೆ ಬಿಡಲು ನನಗೆ ಮನಸ್ಸಿಲ್ಲ.

ಕೈ ಮರಳಿ ಕೂರುವ ತನಕ

ಇದೇ ಎಲ್ಲಕ್ಕಿಂತ ಮುಖ್ಯ. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ನಾನು ದಿನವಿಡೀ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತೇನೆ. ಯಾವ ಅಕ್ಷರ ಎಲ್ಲಿದೆ ಅಂತ ಕೇಳಿದರೆ ಬಾಯಲ್ಲಿ ಹೇಳಲು ಬರುವುದಿಲ್ಲ, ಬೆರಳಿಗೆ ಗೊತ್ತು. ಗೇಮ್ ಕೂಡ ಹಾಗೆಯೇ. ಕಥೆ ತಲೆಯಲ್ಲಿ ಉಳಿದಿರುತ್ತದೆ, ಆಟ ಮಾತ್ರ ಬೆರಳಿನಿಂದ ಜಾರಿ ಹೋಗಿರುತ್ತದೆ. ಎಕ್ಸ್‌ಪ್ಯಾನ್ಷನ್ ಮಾಡುವವರು ಮೂಲ ಗೇಮ್ ನಿನ್ನೆ ತಾನೇ ಮುಗಿಸಿ ಬಂದವರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿರುತ್ತಾರೆ. ಮೂರು ತಿಂಗಳ ಮೇಲೆ ಬಂದ ನಮ್ಮನ್ನಲ್ಲ.

ಕಳೆದ ಸಲ ಸೀಜನ್ ಮುಗಿದ ರಾತ್ರಿ ಅಣ್ಣನ ಮಗ ನನಗಾಗಿ ಕಾದು ಕೂತಿದ್ದ. "ಕಾಕಾ, ಸೀದಾ ಒಳಗ ಹೋಗೋಣ ನಡಿ" ಅಂದ. "ತಡಿಯೋ, ಮದ್ಲ ಕೈ ಕೂಡ್ಲಿ" ಅಂತ ಹೇಳಿ ಎಲ್ಡನ್ ರಿಂಗ್‌ನಲ್ಲಿ ಹೊಸ ಪಾತ್ರವೊಂದನ್ನು ಶುರು ಮಾಡಿದೆ. ಹಳೆ ಪಾತ್ರವಲ್ಲ, ಹೊಸದು. ನೀವೂ ಹೀಗೇ ಮಾಡಿ. ಆಟ ಶುರುವಾಗುವ ಲಿಮ್‌ಗ್ರೇವ್ ಬಯಲಿಗೆ ಕಾಲಿಟ್ಟ ಕೂಡಲೇ ಎದುರಿಗೆ ಚಿನ್ನದ ಕವಚ ತೊಟ್ಟ ಕುದುರೆ ಸವಾರ ತಿರುಗುತ್ತಿರುತ್ತಾನೆ, ಟ್ರೀ ಸೆಂಟಿನಲ್. ಅವನ ಮುಂದೆ ಹೋಗಿ ನಿಲ್ಲಿ. ಹೊಡೆಯಬೇಡಿ. ಹತ್ತು ನಿಮಿಷ ಬರೀ ತಪ್ಪಿಸಿಕೊಳ್ಳಿ.

ಅವನು ಉದ್ದ ಹಿಡಿಯ ಆಯುಧ ಎತ್ತುತ್ತಾನೆ. ಎತ್ತಿದ್ದನ್ನು ನೋಡಿದ ಕೂಡಲೇ ನಿಮ್ಮ ಬೆರಳು ಉರುಳುವ ಬಟನ್ ಒತ್ತುತ್ತದೆ. ಏಟು ಬೀಳುತ್ತದೆ, ಯಾಕೆಂದರೆ ಅವನು ಎತ್ತಿ ಒಂದು ಕ್ಷಣ ತಡೆಯುತ್ತಾನೆ. ನೀವು ಉರುಳಿ ಎದ್ದ ಜಾಗಕ್ಕೇ ಅದು ಇಳಿಯುತ್ತದೆ. ಎತ್ತುವುದನ್ನು ನೋಡಬೇಡಿ, ಇಳಿಸುವುದನ್ನು ನೋಡಿ. ಭುಜ ತಿರುಗಿದಾಗ ಒತ್ತಿ. ಹಿಂದಕ್ಕೆ ಓಡಬೇಡಿ, ಅವನ ಬದಿಗೆ ಉರುಳಿ. ಆ ರಾತ್ರಿ ನಾನು ಹದಿನಾಲ್ಕು ಸಲ ಸತ್ತೆ. ಹದಿನೈದನೇ ಸಲ ಒಂದೂ ಏಟು ಬೀಳದೆ ಎರಡು ನಿಮಿಷ ನಿಂತೆ. ಮರುದಿನ ಹಳೆ ಪಾತ್ರ ತೆರೆದಾಗ ಕೈ ತಾನಾಗಿಯೇ ನಡೆಯುತ್ತಿತ್ತು.

ಒಂದು ಸಂಜೆ ಇದಕ್ಕೆ ಕೊಟ್ಟರೆ ಮುಂದಿನ ಹತ್ತು ಸಂಜೆ ಉಳಿಯುತ್ತವೆ.

ಹಳೆ ಪಾತ್ರದ ಪಾಯಿಂಟ್‌ಗಳನ್ನು ಯಾವುದಕ್ಕೆ ಹಾಕಿದ್ದಿರಿ ಅನ್ನುವುದೇ ಮರೆತು ಹೋಗಿದ್ದರೆ ರೆನಾಲಾ ಅನ್ನುವ ರಾಣಿಯ ಹತ್ತಿರ ಹೋಗಿ. ಲಾರ್ವಲ್ ಟಿಯರ್ ಅನ್ನುವ ಒಂದು ವಸ್ತು ಕೊಟ್ಟು ಎಲ್ಲವನ್ನೂ ಹೊಸದಾಗಿ ಹಂಚಿಕೊಳ್ಳಬಹುದು. ಮೋಗ್ ಇನ್ನೂ ಬಾಕಿ ಇದ್ದವರಿಗೆ ಒಂದು ಮಾತು. ಪ್ಯೂರಿಫೈಯಿಂಗ್ ಕ್ರಿಸ್ಟಲ್ ಟಿಯರ್ ಅನ್ನುವ ಮದ್ದು ಹುಡುಕಿಕೊಂಡೇ ಹೋಗಿ. ಆಲ್ಟಸ್ ಪ್ರದೇಶದಲ್ಲಿರುವ ಮರಿಕಾಳ ಎರಡನೇ ಚರ್ಚ್ ಹತ್ತಿರ ಎಲಿಯೊನೋರಾ ಅನ್ನುವವಳು ಮೇಲೆ ಬೀಳುತ್ತಾಳೆ, ಅವಳನ್ನು ಗೆದ್ದರೆ ಸಿಗುತ್ತದೆ. ಮೋಗ್ ಮೂರು ಸಲ ಎಣಿಸಿ ಶಾಪ ಹಾಕುವಾಗ ಅದನ್ನು ಕುಡಿದಿದ್ದರೆ ಪೆಟ್ಟು ಬಹಳ ಕಡಿಮೆ.

ಒಳಗೆ ಹೋದ ಮೇಲೆ

ಈ ಎಕ್ಸ್‌ಪ್ಯಾನ್ಷನ್ ಬಂದಾಗ "ಸಿಕ್ಕಾಪಟ್ಟೆ ಕಷ್ಟ" ಅಂತ ಎಲ್ಲ ಕಡೆ ಗಲಾಟೆ ಆಯಿತು. ವಾರದೊಳಗೇ ಒಂದು ಪ್ಯಾಚ್ ಬಿಟ್ಟು ಶುರುವಿನ ಭಾಗವನ್ನು ಸ್ವಲ್ಪ ಹಗುರ ಮಾಡಿದರು. ಕಷ್ಟ ಅಂದವರಲ್ಲಿ ಬಹಳ ಜನ ಒಂದು ವಿಷಯ ಗಮನಿಸಿರಲಿಲ್ಲ ಅಂತ ನನಗನಿಸುತ್ತದೆ. ಇಲ್ಲಿ ನಿಮ್ಮ ಲೆವೆಲ್ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಸ್ಕಾಡುಟ್ರೀ ಫ್ರಾಗ್ಮೆಂಟ್ ಅಂತ ಚೂರುಗಳಿವೆ, ಒಟ್ಟು 50. ಅವನ್ನು ಕೂಡಿಸಿ ವಿಶ್ರಾಂತಿಯ ಜಾಗದಲ್ಲಿ 20ನೇ ಹಂತದ ತನಕ ಬಲ ಏರಿಸಬಹುದು. ಆ ಬಲ ಎಕ್ಸ್‌ಪ್ಯಾನ್ಷನ್‌ನ ಈ ನೆರಳಿನ ನಾಡಿನಲ್ಲಿ ಮಾತ್ರ. ಹೊರಗೆ ಬಂದರೆ ಇಲ್ಲ.

ಹಾಗಾಗಿ ಬಾಸ್‌ಗೆ ಸೋತರೆ ಅಲ್ಲೇ ಹಟ ಹಿಡಿದು ಕೂರಬೇಡಿ. ಕುದುರೆ ಹತ್ತಿ ಬಯಲಿಗೆ ಹೋಗಿ. ಹೊಳೆಯುವ ಶಿಲುಬೆಗಳು ಕಾಣುತ್ತವೆ, ಅವುಗಳ ಬುಡದಲ್ಲಿ ಚೂರು ಇರುತ್ತದೆ. ನಾಲ್ಕು ಕೂಡಿಸಿ ಬನ್ನಿ, ಅದೇ ಬಾಸ್ ಬೇರೆ ಅನಿಸುತ್ತಾನೆ. ನಕಾಶೆಯನ್ನು ಪೂರ್ತಿ ಸುತ್ತಲಿ ಅಂತಲೇ ಹೀಗೆ ಮಾಡಿದ್ದಾರೆ. ನನಗೆ ಇದು ಬಹಳ ಹಿಡಿಸಿತು.

ಬೆಲುರಾಟ್ ಊರಿನ ಕೊನೆಗೆ ಸಿಗುವ ಡಾನ್ಸಿಂಗ್ ಲಯನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ದೊಡ್ಡ ಸಿಂಹದ ತಲೆ, ಮೇಲೆ ಹೊದಿಕೆ, ಕೆಳಗೆ ಮನುಷ್ಯರ ಕಾಲು. ನಮ್ಮ ಕಡೆ ಮೊಹರಂನಲ್ಲಿ ಹುಲಿ ವೇಷದವರನ್ನು, ಹೆಜ್ಜೆ ಮೇಳವನ್ನು ನೋಡಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅದು ಪ್ರಾಣಿಯ ಹಾಗೆ ಮೈಮೇಲೆ ಬೀಳುವುದಿಲ್ಲ, ಕುಣಿಯುತ್ತದೆ. ತಲೆ ಕುಣಿಸಿ, ಸುತ್ತು ಹಾಕಿ, ಹಾರಿ ಬೀಳುತ್ತದೆ. ಜೀವ ಇಳಿದಂತೆ ಸಿಡಿಲು, ಹಿಮ, ಗಾಳಿ ಒಂದೊಂದಾಗಿ ಬರುತ್ತವೆ. ಅದರ ಬಾಯಿ ನೋಡುತ್ತಾ ಕೂತರೆ ಸಾಯುತ್ತೀರಿ. ಕಾಲು ನೋಡಿ. ಹೆಜ್ಜೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಹೊಡೆಯಲು ಜಾಗ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಎಕ್ಸ್‌ಪ್ಯಾನ್ಷನ್‌ನ ಅತಿ ಚಂದದ ಕಾಳಗ ಇದೇ. ಕೊನೆಯ ಬಾಸ್ ನನಗೆ ಅಷ್ಟು ಸೇರಲಿಲ್ಲ. ಅಲ್ಲಿ ಬೆಳಕಿನ ಅಬ್ಬರಕ್ಕೆ ಏಟು ಎಲ್ಲಿಂದ ಬಂತು ಅನ್ನುವುದೇ ಕಾಣುವುದಿಲ್ಲ.

ಹಳೆ ಸೇವ್ ಬಿಟ್ಟು ಹೊಸದಾಗಿ ಶುರು ಮಾಡಬೇಕಾದ ಗೇಮ್‌ಗಳು

ಸೈಬರ್‌ಪಂಕ್ 2077 ಅಂಥದ್ದು. 2020ರ ಡಿಸೆಂಬರ್‌ನಲ್ಲಿ ಬಂದಾಗ ಆಡಿ ಬಿಟ್ಟವರು ಹಳೆ ಸೇವ್ ತೆರೆಯಲೇಬೇಡಿ ಅಂತ ನನ್ನ ಸಲಹೆ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು. ಅದು ಫ್ರೀ, ಆದರೆ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ ಬರಲಿಲ್ಲ. ಪರ್ಕ್‌ಗಳ, ಅಂದರೆ ಪಾತ್ರ ಕಲಿಯುವ ವಿಶೇಷ ಕೌಶಲಗಳ, ಇಡೀ ಪಟ್ಟಿ ಬದಲಾಗಿದೆ. ಮೊದಲು ಬಟ್ಟೆಯಿಂದ ಸಿಗುತ್ತಿದ್ದ ರಕ್ಷಣೆ ಈಗ ಹೆಚ್ಚಾಗಿ ಮೈಯೊಳಗೆ ಕೂರಿಸುವ ಯಂತ್ರಭಾಗಗಳಿಂದ, ಅಂದರೆ ಸೈಬರ್‌ವೇರ್‌ನಿಂದ ಬರುತ್ತದೆ. ಹಳೆ ಸೇವ್ ತೆರೆದರೆ ಪರ್ಕ್ ಪಾಯಿಂಟ್ ಎಲ್ಲ ಕೈಗೆ ವಾಪಸ್ ಬಂದಿರುತ್ತವೆ. ಯಾವುದಕ್ಕೆ ಹಾಕಬೇಕು ತಿಳಿಯುವುದಿಲ್ಲ. ಹೊಸದಾಗಿ ಶುರು ಮಾಡಿದರೆ ಒಂದೊಂದೇ ತಾನಾಗಿ ಗೊತ್ತಾಗುತ್ತಾ ಹೋಗುತ್ತದೆ.

ಅದಾಗಿ ಕೆಲವೇ ದಿನಕ್ಕೆ ಬಂದ 'ಫ್ಯಾಂಟಮ್ ಲಿಬರ್ಟಿ' ದುಡ್ಡು ಕೊಟ್ಟು ಕೊಳ್ಳುವ ಎಕ್ಸ್‌ಪ್ಯಾನ್ಷನ್. ಪಿಎಸ್4, ಎಕ್ಸ್‌ಬಾಕ್ಸ್ ಒನ್ ಇರುವವರಿಗೆ ಅದು ಇಲ್ಲ, ದುಡ್ಡು ಹಾಕುವ ಮುಂಚೆ ನೋಡಿಕೊಳ್ಳಿ. ಮೂಲ ಕಥೆಯಲ್ಲಿ ಪೆಸಿಫಿಕಾ ಬಡಾವಣೆಯ ವೂಡೂ ಬಾಯ್ಸ್ ಗ್ಯಾಂಗಿನ ಭಾಗ ಮುಗಿದ ಮೇಲೆ ಸಾಂಗ್‌ಬರ್ಡ್ ಅನ್ನುವವಳಿಂದ ಕರೆ ಬರುತ್ತದೆ, ಅಲ್ಲಿಂದ ಶುರು. ಅಷ್ಟು ದೂರ ಆಡಲು ಬೇಡ ಅನಿಸಿದರೆ ನೇರ ಅಲ್ಲಿಂದಲೇ ಶುರು ಮಾಡುವ ಆಯ್ಕೆಯೂ ಇದೆ. ನಾನು ಬೇಡ ಅನ್ನುತ್ತೇನೆ. ನಾಯಕ ವಿ ಎಂಥ ಕಷ್ಟದಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಹೋದರೆ ಆ ಕರೆಗೆ ತೂಕವೇ ಇಲ್ಲ.

ಈ ಎಕ್ಸ್‌ಪ್ಯಾನ್ಷನ್ ನಡೆಯುವ ಡಾಗ್‌ಟೌನ್ ಸಣ್ಣ ಜಾಗ. ಆದರೆ ಒಂದೊಂದು ಗೋಡೆಗೂ ಒಂದು ಕಥೆ ಇದೆ. ಇದ್ರಿಸ್ ಎಲ್ಬಾ ಮಾಡಿರುವ ಸಾಲೊಮನ್ ರೀಡ್ ಪಾತ್ರ ಮೆಲ್ಲಗೆ ಮಾತಾಡುತ್ತಾನೆ. ಅವನ ಮಾತು ನಂಬಬೇಕಾ, ಸಾಂಗ್‌ಬರ್ಡ್ ಮಾತು ನಂಬಬೇಕಾ ಅಂತ ನಾನು ಎರಡು ದಿನ ಪ್ರೆಸ್ಸಿನಲ್ಲೂ ಯೋಚಿಸಿದ್ದೇನೆ. 'ಫೈರ್‌ಸ್ಟಾರ್ಟರ್' ಅನ್ನುವ ಮಿಷನ್‌ಗೆ ಮುಂಚೆ ಒಂದು ಸೇವ್ ಬೇರೆಯಾಗಿ ಇಟ್ಟುಕೊಳ್ಳಿ. ದಾರಿ ಅಲ್ಲಿ ಒಡೆಯುತ್ತದೆ, ಎರಡೂ ದಾರಿ ನೋಡುವಂಥವು. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಹೊಲ ಮಾಡುವ ಗೇಮ್ ಸ್ಟಾರ್‌ಡ್ಯೂ ವ್ಯಾಲಿ ಕೂಡ ಹೊಸದಾಗಿಯೇ ಶುರು ಮಾಡುವಂಥದ್ದು. 1.6 ಅಪ್‌ಡೇಟ್ ಪಿಸಿಗೆ 2024ರ ಮಾರ್ಚ್‌ನಲ್ಲಿ, ಮೊಬೈಲ್‌ಗೆ ಅದೇ ವರ್ಷದ ನವೆಂಬರ್‌ನಲ್ಲಿ ಬಂತು, ಪೂರ್ತಿ ಫ್ರೀ. ಒಬ್ಬನೇ ಮನುಷ್ಯ ಶುರು ಮಾಡಿದ ಗೇಮ್ ಇದು. ದುಡ್ಡು ಕೇಳದೆ ಇಷ್ಟೆಲ್ಲ ಕೊಟ್ಟಿದ್ದಾನೆ ಅನ್ನುವುದನ್ನು ನಾನು ತುಂಬಾ ಗೌರವದಿಂದ ಹೇಳುತ್ತೇನೆ. ಹೊಸ ಮೆಡೋಲ್ಯಾಂಡ್ಸ್ ಹೊಲ ಆರಿಸಿಕೊಳ್ಳಿ, ಕೋಳಿಗೂಡು, ಎರಡು ಕೋಳಿ ಮೊದಲೇ ಇರುತ್ತವೆ. ಬೇಸಿಗೆ ಬಂದಾಗ ಮೆಣಸಿನಕಾಯಿ ಹಾಕಿ. ಒಮ್ಮೆ ಬೆಳೆದರೆ ಮೂರು ದಿನಕ್ಕೊಮ್ಮೆ ಕಾಯಿ ಬಿಡುತ್ತಲೇ ಇರುತ್ತದೆ. ಅವ್ವ ಹಿಂದೆ ನಿಂತು ನೋಡುತ್ತಿದ್ದಳು. "ಐದ ದಿನಕ್ಕ ಕಾಯಿ ಬರ್ತೇತೇನು?" ಅಂದಳು. ಬ್ಯಾಡಗಿ ಮೆಣಸಿನಕಾಯಿ ಹೊಲದಲ್ಲಿ ಬಾಗಿ ಬಾಗಿ ಬಿಡಿಸಿದ ಕೈ ಅವಳದ್ದು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನೀರು ಹಾಕದೆ ಬಿಟ್ಟ ಸಾಲನ್ನು ಬೆರಳು ಮಾಡಿ ತೋರಿಸಿದಳು.

ಒಂದು ಗಂಟೆ ಮಾತ್ರ ಸಿಗುವ ದಿನಗಳಿಗೆ

ಸೀಜನ್ ಮಧ್ಯೆ ಒಂದು ಭಾನುವಾರ ಸಿಕ್ಕರೆ ದೊಡ್ಡ ಕಥೆಯ ಗೇಮ್ ಮುಟ್ಟಬೇಡಿ. ನಾನು ಊರು, ಸೈನ್ಯ ಕಟ್ಟಿ ಕಾದಾಡುವ ಏಜ್ ಆಫ್ ಎಂಪೈರ್ಸ್ 2 ಹಾಕುತ್ತೇನೆ. 2022ರ ಏಪ್ರಿಲ್‌ನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಅನ್ನುವ ಎಕ್ಸ್‌ಪ್ಯಾನ್ಷನ್ ಬಂತು. ಅದರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಬೇರೆ ಬೇರೆ ಪಡೆಗಳಾದರು. ದ್ರಾವಿಡರನ್ನು ತೆಗೆದುಕೊಂಡರೆ ನೈಟ್ ಅನ್ನುವ ಕುದುರೆ ಸವಾರರು ಸಿಗುವುದಿಲ್ಲ, ಅದನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ಪ್ರತಿ ಯುಗ ದಾಟಿದಾಗ 200 ಕಟ್ಟಿಗೆ ಫ್ರೀಯಾಗಿ ಬರುತ್ತದೆ, ಅದನ್ನು ಕೂಡಲೇ ಹೊಲಕ್ಕೆ ಹಾಕಿ. ಕೋಟೆ ಒಡೆಯಲು ಕವಚ ತೊಟ್ಟ ಆನೆಗಳಿವೆ. ಕಾಲಾಳುಗಳ ಕೈಯಲ್ಲಿ ಉರುಮಿ ಕತ್ತಿ ನೋಡಿದಾಗ ನಿಜಕ್ಕೂ ಮೈ ಜುಮ್ಮೆಂದಿತು.

ರಾಜೇಂದ್ರ ಚೋಳನ ಕಥೆಯೂ ಇದರಲ್ಲಿದೆ. ನಮ್ಮೂರಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್ ಅಷ್ಟೇ. ಆ ಚೋಳರ ಜೊತೆ ತಲೆಮಾರುಗಟ್ಟಲೆ ಕಾದಾಡಿದ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಅಲ್ಲಿ ನಿಂತಿವೆ. ಚಾಲುಕ್ಯರದ್ದೇ ಒಂದು ಪಡೆ ಈ ಗೇಮ್‌ನಲ್ಲಿ ಬರಲಿ ಅಂತ ನನಗೆ ಬಹಳ ಆಸೆ.

ಮತ್ತೆ ಬಿಡುವ ಮುಂಚೆ

ಕೊನೆಯ ದಿನ ಆಟ ಮುಚ್ಚುವ ಮುಂಚೆ ಐದು ನಿಮಿಷ ಕೂತು ಚೀಟಿ ಬರೆಯಿರಿ. ಫೋನಿನಲ್ಲಿ ಬೇಡ, ಅಲ್ಲಿ ಕಳೆದುಹೋಗುತ್ತದೆ. ಬಣ್ಣ ತಪ್ಪಿ ಬಂದ ಲಗ್ನಪತ್ರಿಕೆಗಳು ಪ್ರೆಸ್ಸಿನಲ್ಲಿ ರಾಶಿ ಇರುತ್ತವೆ. ನಾನು ಅವುಗಳ ಹಿಂದಿನ ಖಾಲಿ ಬದಿಗೆ ಬರೆದು ಮಾನಿಟರ್ ಹಿಂದೆ ಅಂಟಿಸುತ್ತೇನೆ. ಎಲ್ಲಿದ್ದೇನೆ, ಮುಂದೆ ಏನು ಮಾಡಬೇಕು, ಯಾವ ಬಟನ್‌ನಿಂದ ಏನಾಗುತ್ತದೆ, ಈ ಮೂರೇ ಸಾಕು. ಕಥೆ ಬರೆಯುತ್ತಾ ಕೂರಬೇಡಿ.

ಈಗ ಅಲ್ಲಿ ಅಂಟಿರುವುದು 'ದಿ ವಿಚರ್ 3'ರ ಚೀಟಿ. 2016ರಲ್ಲಿ ಬಂದ 'ಬ್ಲಡ್ ಅಂಡ್ ವೈನ್' ಎಕ್ಸ್‌ಪ್ಯಾನ್ಷನ್ ಅನ್ನು ನಾನು ಇನ್ನೂ ತೆರೆದಿಲ್ಲ, ಅದು ನಡೆಯುವುದು ಟೂಸಾಂ ಅನ್ನುವ ನಾಡಿನಲ್ಲಿ. ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: "ಮೂಲ ಕಥೆ ಮುಗಿದಿದೆ. ಲೆವೆಲ್ 33. ಟೂಸಾಂಗೆ 34 ಇದ್ದರೆ ಒಳ್ಳೆಯದು. ನೋವಿಗ್ರಾಡ್‌ನಲ್ಲಿ ಎರಡು ಕಾಂಟ್ರ್ಯಾಕ್ಟ್ ಬಾಕಿ, ಅವನ್ನು ಮೊದಲು ಮಾಡು. ಹೊಡೆಯುವ ಮುಂಚೆ ಕ್ವೆನ್ (ರಕ್ಷಣೆಯ ಮಂತ್ರ)."