ದಿನಕ್ಕೆ ಇನ್ನೂರು ಪಿಗ್ಮಿ, ಮನೆ ಮುಂದೆ ಹಳೇ ಬೆಂಜ್

"ಆನೆ ಸಾಕಬಹುದು, ಹಳೇ ಬೆಂಜ್ ಸಾಕೋದು ಆಗಂಗಿಲ್ಲೋ ತಮ್ಮಾ" ಅಂತ ನಮ್ಮ ಭಾವ ಹೇಳಿದ್ದು 2020ರಲ್ಲಿ. ಬೆಳಗಾವಿಯಿಂದ 1996ರ ಇ250 ಡೀಸೆಲ್ ತಂದು ಧಾರವಾಡದ ಮನೆ ಮುಂದೆ ಆಗಷ್ಟೇ ನಿಲ್ಲಿಸಿದ್ದೆ. ಕೊಟ್ಟಿದ್ದು 2 ಲಕ್ಷ 40 ಸಾವಿರ. ಮೊದಲ ವರ್ಷದ ರಿಪೇರಿಗೆ ಹೆಚ್ಚುಕಮ್ಮಿ ಅಷ್ಟೇ ಹೋಯಿತು. ಈಗ ವರ್ಷಕ್ಕೆ 60-70 ಸಾವಿರದಲ್ಲಿ ಮುಗಿಯುತ್ತಿದೆ, ಅದೂ ಇನ್ಶೂರೆನ್ಸ್ ಸೇರಿ.

ಮೊದಲ ಪೆಟ್ಟು ಬೆಳಗಿನ ಸ್ಟಾರ್ಟಿಂಗ್. ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯಬೇಕಿತ್ತು. ಹುಬ್ಬಳ್ಳಿಯ ಗ್ಯಾರೇಜಿನವರು "ಡೀಸೆಲ್ ಪಂಪ್ ಹೋಗೈತ್ರಿ ಸರ" ಅಂದರು. ಪಂಪ್ ಇಳಿಸಿದರು, ಏರಿಸಿದರು, 38 ಸಾವಿರ. ಮರುದಿನ ಅದೇ ಹಾಡು. ಹೊಸ ಬ್ಯಾಟರಿ ಹಾಕಿಸಿದೆ. ಮತ್ತೆ ಅದೇ.

ಸಿಕ್ಕಿಬಿದ್ದದ್ದು ಆಕಸ್ಮಿಕವಾಗಿ. ಹುಬ್ಬಳ್ಳಿಯ ಆಫೀಸಿನ ಮುಂದೆ ದಿನವಿಡೀ ನಿಂತರೂ ಸಂಜೆ ಒಂದೇ ಏಟಿಗೆ ಸ್ಟಾರ್ಟ್. ಎಂಜಿನ್ ತಣ್ಣಗಾಗಿರುತ್ತಿತ್ತು, ಆದರೂ. ಮನೆಯಲ್ಲಿ ಮಾತ್ರ ತೊಂದರೆ. ನಮ್ಮ ಓಣಿ ಏರು, ಕಾರಿನ ಮೂತಿ ಮೇಲಕ್ಕಿರುತ್ತದೆ. ಅಂದ್ರೆ ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರುತ್ತಿತ್ತು! ಒಂದು ರಾತ್ರಿ ಕಾರು ತಿರುಗಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಬೆಳಗ್ಗೆ ಕೂಡಲೇ ಎದ್ದಿತು. ಬಾನೆಟ್ ಎತ್ತಿ ಪಾರದರ್ಶಕ ಪ್ಲಾಸ್ಟಿಕ್ ಪೈಪುಗಳಿಗೆ ಟಾರ್ಚ್ ಹಿಡಿದರೆ ಗಾಳಿ ಗುಳ್ಳೆಗಳ ಮೆರವಣಿಗೆ. ಪೈಪ್ ಬಿಚ್ಚಿದಾಗ ಸಂದು ಮುಚ್ಚುವ ರಬ್ಬರ್ ಓ-ರಿಂಗುಗಳು ಚಕ್ಕುಲಿ ಥರ ಪಟಪಟ ಮುರಿದವು. ಒಟ್ಟು ಖರ್ಚು 1,400 ರೂಪಾಯಿ ಇರಬೇಕು. ನೀರಿನ ಪೈಪಿಗೆ ಹಾಕುವ ರಿಂಗ್ ತರಬೇಡಿ, ಡೀಸೆಲ್ ಕುಡಿದು ಉಬ್ಬುತ್ತದೆ. ನಾನು ಯಾವುದು ಹಾಕಿದೆ, ಯಾವ ಅಂಗಡಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ನಾಲ್ಕು ಸಲ ತಪ್ಪಿ ಕಲಿತದ್ದು.

ಗ್ಲೋ ಪ್ಲಗ್ಗಿನಲ್ಲಿ (ಸ್ಟಾರ್ಟಿಂಗಿಗೆ ಡೀಸೆಲ್ ಎಂಜಿನ್ನಿನ ಒಳಗೆ ಬಿಸಿ ಮಾಡುವ ಕಡ್ಡಿ) ಮಾತ್ರ ತಪ್ಪು ನನ್ನದೇ. ಅವಸರ ಮಾಡಿ ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಲು ತಿರುಗಿಸಿದೆ. ಐದರಲ್ಲಿ ಒಂದು ಒಳಗೇ ಮುರಿಯಿತು. ಎಂಜಿನ್ನಿನ ಹೆಡ್ ಇಳಿಸಿ, ಲೇತಿನವರ ಕೈಗೆ ಕೊಟ್ಟು, ವಾಪಸ್ ಕೂರಿಸುವಷ್ಟರಲ್ಲಿ 40 ಸಾವಿರ ದಾಟಿತ್ತು.

ಎಸಿ ಕೂಲಿಂಗ್ ಕಾಯಿಲ್ ಸೋರಿದರೆ ಈ ಕಾರಿನಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಮಜೂರಿ 25 ಸಾವಿರ ಕೇಳಿದರು. ನಾನೇ ಬಿಚ್ಚಿದೆ. ಸ್ಕ್ರೂಗಳನ್ನು ಹನ್ನೊಂದು ಪೇಡೆ ಡಬ್ಬಿಗಳಲ್ಲಿ ಹಾಕಿ ನಂಬರ್ ಬರೆದಿಟ್ಟೆ. ನಾಲ್ಕು ಭಾನುವಾರ ಬೇಕಾಯಿತು. ಕೊನೆಗೆ ಎರಡು ಸ್ಕ್ರೂ ಉಳಿದವು. ಡ್ಯಾಶ್‌ಬೋರ್ಡ್ ಇವತ್ತಿಗೂ ಅಲುಗಾಡಿಲ್ಲ.

ನಡುವೆ ಒಂದು ಹುಚ್ಚಾಟ. ಹಳೇ ಡೀಸೆಲ್ ಎಂಜಿನ್ ಅಡುಗೆ ಎಣ್ಣೆಯನ್ನೂ ಸುಡುತ್ತದೆ, ಅಲ್ವಾ? ಮಿರ್ಚಿ ಭಜಿ ಅಂಗಡಿಯಿಂದ ಕರಿದ ಎಣ್ಣೆ ತಂದು, ಪಂಚೆಯಲ್ಲಿ ಸೋಸಿ, ಐದು ಲೀಟರ್ ಬೆರೆಸಿದೆ. ಓಡಿತು. ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಬಸ್ ರಸ್ತೆ ತುಂಬ ಭಜಿ ವಾಸನೆ. ಮೂರನೇ ದಿನ ನವನಗರದ ಹತ್ತಿರ ಫಿಲ್ಟರ್ ಕಟ್ಟಿ ನಿಂತಿತು.

ದುಡ್ಡಿನ ವಿಷಯ ಸರಿಹೋದದ್ದು ಪಿಗ್ಮಿಯಿಂದ. ಕಾರಿನ ಹೆಸರಲ್ಲಿ ದಿನಕ್ಕೆ 200 ಕಟ್ಟುತ್ತಾ ಬಂದೆ. ವರ್ಷಕ್ಕೆ 70 ಸಾವಿರ ಚಿಲ್ಲರೆ. ಉಳಿತಾಯ ಖಾತೆಯಲ್ಲಿಟ್ಟರೆ ಮದುವೆ ಮುಂಜಿಗೆ ಕರಗುತ್ತದೆ. ಪಿಗ್ಮಿ ನಡುವೆ ಮುರಿದರೆ ಕಡಿತ ಮಾಡುತ್ತಾರೆ, ಆ ಹೆದರಿಕೆಗೇ ಉಳಿಯುತ್ತದೆ. ಅವಧಿ ಮುಗಿದಾಗ ಬುಷ್, ಬಾಲ್ ಜಾಯಿಂಟ್, ಫ್ಲೆಕ್ಸ್ ಡಿಸ್ಕ್ ಥರದ ಸವೆಯುವ ಸಾಮಾನೆಲ್ಲ ಮುಂಬೈಯಿಂದ ಒಂದೇ ಪಾರ್ಸೆಲ್ಲಿನಲ್ಲಿ ತರಿಸುತ್ತೇನೆ. ಕೆಡುವ ಮೊದಲೇ. ಕೆಟ್ಟು ನಿಂತಾಗ ಹುಡುಕಿದರೆ ಅದೇ ಸಾಮಾನಿಗೆ ಒಂದೂವರೆ ಪಟ್ಟು. ಥರ್ಡ್ ಪಾರ್ಟಿ ಇನ್ಶೂರೆನ್ಸ್ 9 ಸಾವಿರ ಚಿಲ್ಲರೆ ಇದರಲ್ಲೇ ಬರುತ್ತದೆ. ಆರ್‌ಸಿ ನವೀಕರಣ ಮಾತ್ರ ಕೈ ಕಚ್ಚುತ್ತದೆ. 20 ವರ್ಷ ದಾಟಿದ ಕಾರಿಗೆ 2025ರಿಂದ ಶುಲ್ಕವೇ 10 ಸಾವಿರ. ಅದಕ್ಕಂತಲೇ ಪಿಗ್ಮಿಯನ್ನು 230ಕ್ಕೆ ಏರಿಸಿದ್ದೇನೆ.

ಹೋದ ತಿಂಗಳು ಭಾವ ಗದಗದ ಮದುವೆಗೆ ಇದೇ ಕಾರು ಕೇಳಿ ಒಯ್ದರು. ವಾಪಸ್ ಕೊಡುವಾಗ ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಟ್ಯಾಂಕ್ ಮಾತ್ರ ತುಂಬಿಸಿದ್ದರು. ಒಂಟಿ ವೈಪರ್ ಇನ್ನೂ ಕಿರಗುಡುತ್ತಿದೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಗ್ರೀಸ್ ತುಂಬಬೇಕು.