ಟೆನ್ಷನ್ ಇಳಿಸಬೇಕೇ? ಮೈಯಿಂದ ಶುರು ಮಾಡಿ

‘ಟೆನ್ಷನ್ ಮಾಡ್ಕೋಬೇಡ’ ಎಂದು ಯಾರೋ ಹೇಳಿದ ಕೂಡಲೇ ನಿಮ್ಮ ಟೆನ್ಷನ್ ಇಳಿದದ್ದುಂಟೇ? ನನಗಂತೂ ಒಂದು ಸಲವೂ ಇಳಿದಿಲ್ಲ. ಒತ್ತಡ ಹಿಡಿದುಕೊಂಡಿರುವುದು ಮೈಯನ್ನು, ಬುದ್ಧಿಮಾತು ಹೋಗುವುದು ತಲೆಗೆ. ಮೈ ಓಡಲು ತಯಾರಾಗಿ ನಿಂತಿರುವಾಗ ತಲೆಗೆ ಎಷ್ಟು ಸಮಾಧಾನ ಹೇಳಿದರೂ ಅದು ಕೇಳುವುದಿಲ್ಲ. ಹಾಗಾಗಿ ಮೊದಲು ಮೈ, ಆಮೇಲೆ ಯೋಚನೆ, ಕೊನೆಗೆ ಕೆಲಸ. ಈ ಕ್ರಮ ತಪ್ಪಿದರೆ ಯಾವ ಉಪಾಯವೂ ಹಿಡಿಯುವುದಿಲ್ಲ ಎಂಬುದು ನನ್ನ ಅನುಭವ.

ಒಳಗೆ ಏನಾಗುತ್ತದೆ ಎಂದು ಸ್ವಲ್ಪ ತಿಳಿದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ. ಏನೋ ಅಪಾಯ ಇದೆ ಎಂದು ಮಿದುಳಿಗೆ ಅನ್ನಿಸಿದರೆ ಸಾಕು, ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಡವಡವ ಎನ್ನುತ್ತದೆ. ಹೊಟ್ಟೆಯ ಕಡೆ ಹರಿಯುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳಿಗೆ ಜಾಸ್ತಿ ಹೋಗುತ್ತದೆ. ಪರೀಕ್ಷೆಯ ದಿನ ಹೊಟ್ಟೆ ತೊಳಸುತ್ತದಲ್ವಾ, ಅದಕ್ಕೆ ಇದೂ ಒಂದು ಕಾರಣ. ಹಿಂದೆಯೇ ಕಾರ್ಟಿಸೋಲ್ ಎಂಬ ಹಾರ್ಮೋನ್ ಬಂದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಹೊಡೆದಾಡಲು ಅಥವಾ ಓಡಿಹೋಗಲು ಬೇಕಾದ ತಯಾರಿ ಇದು. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ತೊಂದರೆ ಏನೆಂದರೆ, ನಾವು ಹೊಡೆದಾಡುವುದೂ ಇಲ್ಲ, ಓಡುವುದೂ ಇಲ್ಲ. ಫೋನ್ ಹಿಡಿದು ಕುರ್ಚಿಯಲ್ಲೇ ಕೂತಿರುತ್ತೇವೆ. ಬಂದ ಶಕ್ತಿ ಖರ್ಚಾಗದೆ ಮೈಯಲ್ಲೇ ಬಿಗಿದುಕೊಳ್ಳುತ್ತದೆ.

ಎಲ್ಲಿ ಬಿಗಿದಿದೆ, ನೋಡಿ

ಈಗಲೇ ನೋಡಿಕೊಳ್ಳಿ. ಹಲ್ಲು ಕಚ್ಚಿಕೊಂಡಿದ್ದೀರಾ? ಭುಜ ಕಿವಿಯ ಕಡೆ ಏರಿದೆಯಾ? ಹುಬ್ಬು ಗಂಟಿಕ್ಕಿದೆಯಾ? ಒಬ್ಬೊಬ್ಬರಿಗೆ ಒಂದೊಂದು ಜಾಗ. ನನ್ನದು ದವಡೆ. ಬೆಳಗ್ಗೆ ಏಳುವಾಗ ಕೆನ್ನೆ ನೋಯುತ್ತಿತ್ತು. ಹಲ್ಲಿನ ತೊಂದರೆ ಎಂದೇ ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ‘ರಾತ್ರಿ ಹಲ್ಲು ಕಡಿಯುತ್ತೀರಾ?’ ಎಂದು ದಂತವೈದ್ಯರು ಕೇಳಿದ ಮೇಲೆಯೇ ನನಗೆ ಹೊಳೆದದ್ದು. ಈಗ ಹಗಲಿನಲ್ಲಿ ಹಲ್ಲು ಕಚ್ಚಿದ್ದು ಗೊತ್ತಾದರೆ ಸಾಕು, ತಲೆ ಬಿಸಿಯಾಗುವ ಮೊದಲೇ ಎಚ್ಚರವಾಗುತ್ತದೆ. ನಿಮ್ಮ ಜಾಗ ಯಾವುದು ಎಂದು ಒಂದು ವಾರ ಗಮನಿಸಿ.

ಉಸಿರು ಬಿಡುವುದನ್ನು ಕಲಿಯಿರಿ

‘ಜೋರಾಗಿ ಉಸಿರು ಎಳೆದುಕೋ’ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಕೆಲಸ ಮಾಡುವುದು ಉಸಿರು ಬಿಡುವ ಭಾಗ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಂಬಿಕೆ ಬಾರದಿದ್ದರೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುತ್ತಾ ನಿಧಾನವಾಗಿ ಉಸಿರಾಡಿ. ತುಂಬಾ ಜನರಿಗೆ ವ್ಯತ್ಯಾಸ ಬೆರಳಿಗೇ ಸಿಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರದ ಕೆಲಸ ಅದು. ನಮ್ಮ ಮಾತು ಕೇಳದ ಹೃದಯಕ್ಕೆ ಮಾತು ತಲುಪಿಸಲು ನಮಗಿರುವ ಸುಲಭದ ದಾರಿ ಉಸಿರು.

ಬೆನ್ನು ಆನಿಸಿ ಕುಳಿತುಕೊಳ್ಳಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಕೈ ಮೇಲೆದ್ದರೆ ಸರಿ, ಎದೆ ಉಬ್ಬುವುದು ಬೇಡ. ಈಗ ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಸಾಕು. ಬಲವಂತವಾಗಿ ದೊಡ್ಡ ದೊಡ್ಡ ಉಸಿರು ಎಳೆಯಲು ಹೋಗಬೇಡಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಗಾಬರಿ ಇನ್ನೂ ಏರುತ್ತದೆ. ಆರು ಎಣಿಸಲು ಕಷ್ಟವಾದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡಿ.

ಗಾಬರಿಯಾದ ದಿನವೇ ಮೊದಲ ಸಲ ಮಾಡಲು ಹೋದರೆ ಬರುವುದಿಲ್ಲ. ನೆಮ್ಮದಿಯಾಗಿರುವ ದಿನಗಳಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಆಮೇಲೆ ಎದ್ದು ಹತ್ತು ನಿಮಿಷ ಚುರುಕಾಗಿ ನಡೆಯಿರಿ. ಓಡಲೆಂದು ಬಂದ ಶಕ್ತಿ ಕಾಲಿನಲ್ಲೇ ಖರ್ಚಾಗಲಿ.

ತಲೆಯಲ್ಲಿರುವುದನ್ನು ಹಾಳೆಗೆ ಇಳಿಸಿ

ಮೈ ಸ್ವಲ್ಪ ಸಡಿಲವಾಯಿತೇ? ಈಗ ಪೆನ್ನು ಹಿಡಿಯಿರಿ.

ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. ರಾತ್ರಿ ದೀಪ ಆರಿಸಿದ ಕೂಡಲೇ ಬಾಕಿ ಕೆಲಸಗಳೆಲ್ಲ ಸಾಲುಗಟ್ಟಿ ಬರುವುದು ನಿಮಗೂ ಗೊತ್ತಿರುತ್ತದೆ. ಇದಕ್ಕೆ ಹಾಳೆಯಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 57 ಮಂದಿ ಮಲಗುವ ಮುಂಚೆ ಐದು ನಿಮಿಷ ಬರೆದರು. ಕೆಲವರು ಮುಗಿಸಿದ ಕೆಲಸಗಳನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದದ್ದನ್ನು. ಮುಂದಿನದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ವಿವರವಾಗಿ ಬರೆದಷ್ಟೂ ನಿದ್ದೆ ಬೇಗ.

ಹಾಗಾಗಿ ವಿವರ ಮುಖ್ಯ. ‘ಅಮ್ಮನ ಆರೋಗ್ಯ’ ಎಂದು ಬರೆದರೆ ಅದು ಚಿಂತೆಯಾಗಿಯೇ ಉಳಿಯುತ್ತದೆ. ‘ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಡಾಕ್ಟರಿಗೆ ಫೋನ್’ ಎಂದು ಬರೆದರೆ ಕೆಲಸವಾಗುತ್ತದೆ. ‘ಸಾಲ’ ಎಂದು ಬರೆಯಬೇಡಿ. ಎಷ್ಟು ಬಾಕಿ, ಯಾವ ತಾರೀಕು, ನಾಳೆ ಯಾರ ಹತ್ತಿರ ಮಾತಾಡಬೇಕು ಎಂದು ಬರೆಯಿರಿ. ಎಲ್ಲ ಬರೆದಾದ ಮೇಲೆ ನಡುವೆ ಗೆರೆ ಹಾಕಿ, ಕೈಯಲ್ಲಿರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ ಮಾಡಿ. ಕೈಯಲ್ಲಿರುವುದರಲ್ಲಿ ಒಂದೇ ಒಂದನ್ನು ಆರಿಸಿ, ಇವತ್ತೇ ಶುರು ಮಾಡಿ.

ಕೈಯಲ್ಲಿಲ್ಲದ ಚಿಂತೆಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಅದು ಆಗುವ ಮಾತಲ್ಲ. ಅವಕ್ಕೊಂದು ಹೊತ್ತು ಗೊತ್ತು ಮಾಡಿ. ದಿನಾ ಸಂಜೆ ಒಂದೇ ಜಾಗದಲ್ಲಿ ಅರ್ಧ ಗಂಟೆ ಚಿಂತೆ ಮಾಡಲೆಂದೇ ಕುಳಿತುಕೊಳ್ಳಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು, ಸಂಜೆಗೆ ಎಂದು ಮುಂದೂಡಿ. ಇದು ಮನೋವಿಜ್ಞಾನಿಗಳು 1980ರ ದಶಕದಿಂದ ಬಳಸುತ್ತಿರುವ ವಿಧಾನ. ಮೊದಲ ಕೆಲವು ದಿನ ಕಷ್ಟ. ಆಮೇಲೆ ಸಂಜೆಯ ಹೊತ್ತಿಗೆ ಎಷ್ಟೋ ಸಾಲುಗಳು ತಾವೇ ಸಣ್ಣದಾಗಿ ಕಾಣುತ್ತವೆ.

ಹೊರೆಯನ್ನೂ ನೋಡಿ

ಉಸಿರಾಟ ಕಲಿತು ಇನ್ನಷ್ಟು ಹೊರೆ ಹೊತ್ತುಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದರೆ ತಪ್ಪು ನಿಮ್ಮ ಮನಸ್ಸಿನದಲ್ಲ, ಕೆಲಸದ ಹಂಚಿಕೆಯದು. ಮೇಲಧಿಕಾರಿಗೆ ಹಾಳೆ ತೋರಿಸಿ, ‘ಇವುಗಳಲ್ಲಿ ಈ ವಾರ ಯಾವುದು ಬಿಡಲಿ?’ ಎಂದು ಕೇಳಿ. ಮನೆಯಲ್ಲೂ ಹಾಗೇ ಕೇಳಬಹುದು.

ಸಂತೋಷದ ಬದಲಾವಣೆಯೂ ಹೊರೆಯೇ. ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಮಾಡಿದ ಒತ್ತಡದ ಪಟ್ಟಿಯಲ್ಲಿ 43 ಘಟನೆಗಳಿವೆ. ಸಂಗಾತಿಯ ಸಾವಿಗೆ 100 ಅಂಕವಾದರೆ ಮದುವೆಗೆ 50. ಹೊಸ ಮಗು, ಹೊಸ ಮನೆ, ಬಡ್ತಿ ಬಂದಾಗ ಸುಸ್ತಾದರೆ ‘ನನಗೇನು ಕಮ್ಮಿ ಆಗಿದೆ’ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ.

ಮಧ್ಯಾಹ್ನದ ನಂತರ ಕಾಫಿ, ಟೀ ಕಡಿಮೆ ಮಾಡಿ. ಅವುಗಳಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದು ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ.

ಯಾವಾಗ ಸಹಾಯ ಕೇಳಬೇಕು?

ನಂಬಿಕೆಯವರು ಒಬ್ಬರಿದ್ದರೆ ಇವತ್ತೇ ಹೇಳಿಕೊಳ್ಳಿ. ‘ಸಲಹೆ ಬೇಡ, ಸುಮ್ನೆ ಕೇಳು’ ಎಂದು ಮೊದಲೇ ಹೇಳಿಬಿಡಿ, ಇಬ್ಬರಿಗೂ ಸುಲಭ. ಎದೆ ನೋವು ಬಂದರೆ ಒತ್ತಡವೇ ಇರಬೇಕು ಎಂದು ನೀವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬದುಕು ಸಾಕು ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಹತ್ತಿರದವರಿಗೆ ಹೇಳಿ ಅವರ ಜೊತೆಯಲ್ಲೇ ವೈದ್ಯರ ಬಳಿ ಹೋಗಿ. ಎರಡು ವಾರದಿಂದ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅಳು ಬರುತ್ತಿದ್ದರೆ ಆಗಲೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಹೋಗುವಾಗ ನೀವು ಬರೆದ ಹಾಳೆಗಳನ್ನೂ ಒಯ್ಯಿರಿ. ಯಾವಾಗಿನಿಂದ ಹೀಗಿದೆ, ಏನೆಲ್ಲ ತಲೆಯಲ್ಲಿದೆ ಎಂದು ಅಲ್ಲಿ ಕುಳಿತು ಹೇಳಲು ಬಾಯಿ ಬಾರದಿದ್ದರೆ, ಸುಮ್ನೆ ಅದನ್ನು ಅವರ ಕೈಗೆ ಕೊಡಿ.